ನೀರಿನ ಗುಣ, ಊರಿನ ಗುಣ

ಒಬ್ಬ ಮನುಷ್ಯ ಯಾಕೆ ಹೀಗೆ ಎಂಬುದನ್ನು ಬಿಡಿಸಿ ಹೇಳಲಾಗದಿದ್ದಾಗ ‘ಅದು ಆ ಊರಿನ ನೀರಿನ ಗುಣ’ ಎಂದು ಮಾತು ಮುಗಿಸಿಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಕೋಲಾರ ಜಿಲ್ಲೆಯವರ ಬಗ್ಗೆ ಬೆಂಗಳೂರಿನಲ್ಲಿ ಈ ಮಾತು ಸ್ವಲ್ಪ ಹೆಚ್ಚಾಗಿಯೇ ಕೇಳಿಬರುತ್ತದೆ. ಒರಟರು, ಜಗಳಗಂಟರು, ಅರ್ಧ ತೆಲುಗರು ಎಂಬ ವಿಶೇಷಣಗಳು ಸಿದ್ಧವಾಗಿಯೇ ಇರುತ್ತವೆ. ಜಿಲ್ಲೆಯೊಳಕ್ಕೆ ಹೋದರೆ ಅಲ್ಲಿಯವರೂ ಒಬ್ಬರ ಬಗ್ಗೆ ಒಬ್ಬರು ಇಂಥದೇ ತೀರ್ಪುಗಳನ್ನು ಇಟ್ಟುಕೊಂಡಿದ್ದಾರೆ. ಕೋಲಾರದವರು ಬಾಯಿ ತೆರೆದರೆ ಕಾನೂನು, ಮಾಲೂರಿನವರಿಗೆ ಸದಾ ಅವಸರ, ಮುಳಬಾಗಿಲಿನವರ ಮಾತು ಬೆಣ್ಣೆ, ಶ್ರೀನಿವಾಸಪುರದವರು ಒಲಿದರೆ ಮನೆಯನ್ನೇ ಕೊಟ್ಟಾರು, ಮುನಿದರೆ ಮೂರು ತಲೆಮಾರು ಮಾತು ಬಿಟ್ಟಾರು. ಈ ನಾಲ್ಕು ಊರುಗಳ ನಡುವಿನ ದೂರವಾದರೂ ಎಷ್ಟು? ಕೋಲಾರವನ್ನು ನಡುವೆ ಇಟ್ಟುಕೊಂಡರೆ ಉಳಿದ ಮೂರೂ ಸುಮಾರು 25ರಿಂದ 30 ಕಿಲೋಮೀಟರಿನೊಳಗೆ ಸಿಗುತ್ತವೆ.

ಬ್ಯಾಂಕೊಂದರ ನೌಕರನಾಗಿ ಈ ನಾಲ್ಕೂ ಊರುಗಳಲ್ಲಿ ಬೇರೆಬೇರೆ ಅವಧಿಯಲ್ಲಿ ಕೆಲಸ ಮಾಡಿದ ನನಗೆ ಈ ಹೇಳಿಕೆಗಳನ್ನು ಪೂರ್ತಿ ತಳ್ಳಿಹಾಕುವುದು ಸಾಧ್ಯವಾಗಿಲ್ಲ. ಕೌಂಟರಿನ ಒಳಗೆ ಕುಳಿತವನಿಗೆ ಊರಿನ ಮನೋಧರ್ಮ ಬಹಳ ಬೇಗ ತಿಳಿಯುತ್ತದೆ. ಸಾಲಿನಲ್ಲಿ ನಿಲ್ಲುವ ಬಗೆ, ಸಾಲ ಕೇಳುವ ಬಗೆ, ಕಂತು ತಪ್ಪಿದಾಗ ಮುಖ ತಪ್ಪಿಸುವ ಅಥವಾ ತಪ್ಪಿಸದಿರುವ ಬಗೆ ಒಂದೊಂದು ಊರಿನಲ್ಲಿ ಒಂದೊಂದು ತೆರನಾಗಿತ್ತು. ಬ್ಯಾಂಕಿನ ನಿಯಮಗಳೇನೋ ಎಲ್ಲ ಕಡೆಯೂ ಒಂದೇ. ವ್ಯತ್ಯಾಸವಿದೆ ಎಂಬುದು ನಿಜ. ಅದಕ್ಕೆ ಜನ ಕೊಡುವ ಕಾರಣ ಮಾತ್ರ ಸರಿಯಲ್ಲ ಎಂಬುದು ನನ್ನ ವಾದ. ಅಥವಾ ಒಂದು ವಿಚಿತ್ರ ಅರ್ಥದಲ್ಲಿ ‘ನೀರಿನ ಗುಣ’ ಎಂಬುದೇ ಸರಿಯಾದ ಕಾರಣವೆಂದೂ ಹೇಳಬಹುದು.

ಊರಿನ ಸ್ವಭಾವವನ್ನು ಅಳೆಯುವ ಸಾಹಸವನ್ನು ಅಮೆರಿಕದವರು ಗಂಭೀರವಾಗಿಯೇ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಲೆವಿನ್ ಮತ್ತು ಸಂಗಡಿಗರು 36 ನಗರಗಳಲ್ಲಿ ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ವಿಧಾನ ಬಲು ಸರಳ. ಬೀದಿಯಲ್ಲಿ ನಡೆಯುತ್ತ ಗೊತ್ತಿಲ್ಲದವನಂತೆ ಪೆನ್ನು ಬೀಳಿಸುವುದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೈಯಲ್ಲಿದ್ದ ಪತ್ರಿಕೆಗಳನ್ನು ಕೆಡವಿ ಎತ್ತಲು ಪರದಾಡುವುದು, ಕಣ್ಣು ಕಾಣದವನಂತೆ ರಸ್ತೆ ದಾಟಲು ನಿಲ್ಲುವುದು, ಚಿಲ್ಲರೆ ಕೇಳುವುದು, ಅಂಚೆಚೀಟಿ ಹಚ್ಚಿದ ಕಾಗದವನ್ನು ದಾರಿಯಲ್ಲಿ ಬಿಟ್ಟು ಹೋಗುವುದು. ಎಷ್ಟು ಜನ ನೆರವಿಗೆ ಬಂದರು ಎಂಬುದರ ಲೆಕ್ಕ. ಪಟ್ಟಿಯ ತುದಿಯಲ್ಲಿ ನಿಂತದ್ದು ರಾಚೆಸ್ಟರ್ ಎಂಬ ಮಧ್ಯಮ ಗಾತ್ರದ ನಗರ. ನ್ಯೂಯಾರ್ಕ್ ಮಹಾನಗರ ಕೊನೆಯ ಸಾಲಿನಲ್ಲಿ. ಎರಡೂ ಇರುವುದು ಒಂದೇ ರಾಜ್ಯದಲ್ಲಿ! ಜನಾಂಗ, ರಕ್ತಗಳ ಮಾತನ್ನು ಆಡಲು ಇಲ್ಲಿ ಅವಕಾಶವೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ತಾಳೆಯಾದದ್ದು ಜನಸಾಂದ್ರತೆಯ ಅಂಕಿ. ಕಿಕ್ಕಿರಿದ ಊರಿನಲ್ಲಿ ಮನುಷ್ಯ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿಯುತ್ತಾನೆ.

ಮುಂದೆ 2013ರಲ್ಲಿ ಜೇಸನ್ ರೆಂಟ್‌ಫ್ರೋ ಮತ್ತು ಸಂಗಡಿಗರು ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳನ್ನು ಇಟ್ಟುಕೊಂಡು ಇಡೀ ದೇಶವನ್ನು ಮೂರು ಮನೋಧರ್ಮಗಳ ಪ್ರದೇಶಗಳಾಗಿ ವಿಂಗಡಿಸಿದರು. ನಡುನಾಡಿನವರು ಸ್ನೇಹಪರರು, ಸಂಪ್ರದಾಯಸ್ಥರು; ಪಶ್ಚಿಮದವರು ನಿರಾಳರು, ಹೊಸತನ್ನು ಬಯಸುವವರು; ಈಶಾನ್ಯದವರು ಬೇಗ ಕೆರಳುವವರು, ಮನಸ್ಸಿನಲ್ಲಿದ್ದುದನ್ನು ಆಡಿಬಿಡುವವರು. ಇಂಥ ನಕ್ಷೆಗಳು ಓದಲು ಸೊಗಸು. ಆದರೆ ನನಗೆ ಇವೆಲ್ಲಕ್ಕಿಂತ ಹತ್ತಿರದ್ದಾಗಿ ಕಂಡದ್ದು 2014ರಲ್ಲಿ ಥಾಮಸ್ ಟಾಲ್‌ಹೆಲ್ಮ್ ಚೀನಾದ ಬಗ್ಗೆ ಮಂಡಿಸಿದ ವಾದ. ಭತ್ತ ಬೆಳೆಯುವ ಸೀಮೆಯವರು ನೀರನ್ನು ಹಂಚಿಕೊಳ್ಳಬೇಕು, ನಾಟಿಗೆ ನೆರೆಯವರನ್ನು ಕರೆಯಬೇಕು. ಗೋಧಿ ಬೆಳೆಯುವವನು ಮಳೆಯನ್ನು ನಂಬಿ ತನ್ನ ಪಾಡಿಗೆ ತಾನಿರಬಹುದು. ತಲೆಮಾರುಗಳ ಮೇಲೆ ಇದು ಮನಸ್ಸಿನ ರೀತಿಯನ್ನೇ ಬೇರೆ ಮಾಡುತ್ತದೆ ಎಂದು ಅವರು ಹೇಳಿದರು. ಅದರ ಮೇಲೆ ಬೇಕಾದಷ್ಟು ಆಕ್ಷೇಪಗಳು ಬಂದವು. ಅದೇನೇ ಇರಲಿ, ಕೋಲಾರದ ಕೆರೆಗಳನ್ನು ನೋಡಿದವರಿಗೆ ಆ ವಾದ ಅಪರಿಚಿತವೆನಿಸದು.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಪಾಲಾರ್, ಪೆನ್ನಾರ್‌ಗಳ ಹೆಸರು ನಕ್ಷೆಯಲ್ಲಿ ಕಾಣುತ್ತದೆ, ನೀರು ಕಾಣುವುದು ಅಪರೂಪ. ಈ ಕೊರತೆಗೆ ಹಿಂದಿನವರು ಕಂಡುಕೊಂಡ ಉತ್ತರ ಕೆರೆ. ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ ಬೀಳುವಂತೆ ಸರಪಳಿಯಾಗಿ ಕಟ್ಟಿದ ಸಾವಿರಾರು ಕೆರೆಗಳು. ಕೆರೆಯೆಂದರೆ ಬರಿಯ ನೀರಲ್ಲ, ಒಂದು ಕಟ್ಟುಪಾಡು. ತೂಬು ಎತ್ತುವವನು ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು, ಮಳೆ ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನೀರು ಎಂಬುದು ಅವನ ಕೈಯಲ್ಲಿತ್ತು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಅವನಿಗೆ ದವಸ ಸಲ್ಲುತ್ತಿತ್ತು. ಈ ನೀರಗಂಟಿಗಳಲ್ಲಿ ಬಹುಪಾಲು ದಲಿತ ಕುಟುಂಬಗಳವರು ಎಂಬುದನ್ನು ಮರೆಯಬಾರದು. ಮನೆಯೊಳಕ್ಕೆ ಬಿಟ್ಟುಕೊಳ್ಳದವನ ಮಾತಿಗೆ ಗದ್ದೆಯಲ್ಲಿ ತಲೆಬಾಗಬೇಕಾದ ವಿಚಿತ್ರ ವ್ಯವಸ್ಥೆ ಅದು. ಅದನ್ನು ಆದರ್ಶವೆಂದು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ಆದರೆ ಒಬ್ಬರಿಗೊಬ್ಬರು ಕಾಯಲೇಬೇಕಾದ ಅಭ್ಯಾಸವನ್ನು ಅದು ಊರಿಗೆ ಕಲಿಸಿತ್ತು.

ಕೊಳವೆಬಾವಿ ಬಂದು ಈ ಅಭ್ಯಾಸವನ್ನು ಮುಗಿಸಿತು. ನನ್ನ ಹೊಲ, ನನ್ನ ಮೋಟಾರು, ನನ್ನ ನೀರು. ಪಕ್ಕದವನು ಐನೂರು ಅಡಿ ಕೊರೆದರೆ ನಾನು ಏಳುನೂರು. ಸಾವಿರ ಅಡಿ ದಾಟಿದರೂ ಬರಿಯ ದೂಳು ಮೇಲೆದ್ದ ದೃಶ್ಯವನ್ನು ನೋಡದ ರೈತ ಈ ಜಿಲ್ಲೆಯಲ್ಲಿ ವಿರಳ. ನೀರು ಬಂದ ಕಡೆಗಳಲ್ಲಿ ಫ್ಲೋರೈಡು ಜತೆಗೆ ಬಂತು. ಬ್ಯಾಂಕಿನ ದಾಖಲೆಗಳಲ್ಲಿ ಇದು ‘ಒಡವೆ ಸಾಲ’ ಎಂಬ ಶೀರ್ಷಿಕೆಯಡಿ ಕಾಣಿಸಿಕೊಳ್ಳುತ್ತಿತ್ತು. ಹೆಂಡತಿಯ ಸರ ಅಡವಿಟ್ಟು ಬಾವಿ ಕೊರೆಸಿದವನ ನೆರೆಯವನ ಬಾವಿಯಲ್ಲಿ ಅದೇ ವಾರ ನೀರು ನಿಂತುಹೋದರೆ ಆ ಇಬ್ಬರ ನಡುವೆ ಯಾವ ಬಗೆಯ ಸೌಜನ್ಯವನ್ನು ನಿರೀಕ್ಷಿಸೋಣ? ಕೋಲಾರದವರು ಜಗಳಗಂಟರು ಎನ್ನುವವರು ಮೊದಲು ನೋಡಬೇಕಾದದ್ದು ಅಂತರ್ಜಲದ ಮಟ್ಟವನ್ನು.

ಕೋಲಾರ ನಗರದ ಮನೋಧರ್ಮವನ್ನು ಈ ಹಿನ್ನೆಲೆಯಲ್ಲಿಯೇ ಅರ್ಥ ಮಾಡಿಕೊಳ್ಳಬೇಕು. 2011ರ ಜನಗಣತಿಯಂತೆ 1.38 ಲಕ್ಷ ಜನರಿದ್ದ ಈ ಊರು ಜಿಲ್ಲಾಕೇಂದ್ರ. ಸೋಲು ಅರ್ಜಿಯ ರೂಪ ತಾಳಿ ಬಂದು ಸೇರುವುದು ಇಲ್ಲಿಗೆ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಶಾಶ್ವತ ನೀರಾವರಿಗಾಗಿ ಜನ ವರ್ಷಗಟ್ಟಲೆ ಧರಣಿ ಕುಳಿತ ಊರು. ದಲಿತ ಚಳವಳಿಯ ಹಾಡುಗಳು ಬೆಳೆದ ನೆಲ. ಊರ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕಟ್ಟಿದ ‘ಆದಿಮ’ದಲ್ಲಿ ಹುಣ್ಣಿಮೆಗೊಮ್ಮೆ ಹಾಡು, ನಾಟಕಗಳು ನಡೆದುಕೊಂಡು ಬಂದಿವೆ. ಇಂಥ ಊರಿನವನು ಬ್ಯಾಂಕಿಗೆ ಬಂದು ‘ಯಾವ ಸರ್ಕ್ಯುಲರ್ ಪ್ರಕಾರ ಇಲ್ಲ ಅಂತೀರಿ, ತೋರಿಸಿ ಸಾರ್’ ಎಂದರೆ ಅದು ಒರಟುತನವಲ್ಲ. ತನಗೆ ಸಲ್ಲಬೇಕಾದದ್ದನ್ನು ಕೇಳಿ ಪಡೆಯದಿದ್ದರೆ ಅದು ಬರುವುದಿಲ್ಲ ಎಂಬುದನ್ನು ಅನುಭವದಿಂದ ಕಲಿತವನ ಮಾತು.

ಇದಕ್ಕೆ ಟೊಮೆಟೊವನ್ನೂ ಸೇರಿಸಿಕೊಳ್ಳಿ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ ಹದಿನೈದು ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತು. ಅದೇ ಬಾಕ್ಸು ಸಾಗಣೆಯ ಖರ್ಚೂ ಹುಟ್ಟದೆ ರಸ್ತೆಬದಿಗೆ ಸುರಿದದ್ದೂ ಉಂಟು. ಮೂರು ತಿಂಗಳ ಬೆಳೆಯನ್ನು ಹೀಗೆ ಪಣಕ್ಕಿಟ್ಟು ಬದುಕುವವನಿಗೆ ತಾಳ್ಮೆಗಿಂತ ಧೈರ್ಯ ಹೆಚ್ಚು ಬೇಕಾಗುತ್ತದೆ. ಅವನು ಸಾಲವನ್ನೂ ಧೈರ್ಯವಾಗಿ ಕೇಳುತ್ತಾನೆ, ಬೆಲೆ ಬಂದ ವಾರ ಬಡ್ಡಿಸಹಿತ ತಂದು ಮೇಜಿನ ಮೇಲೆ ಇಡುತ್ತಾನೆ, ಮುಂದಿನ ವಾರ ಮತ್ತೆ ಕೇಳುತ್ತಾನೆ.

ಶ್ರೀನಿವಾಸಪುರಕ್ಕೆ ಹೋದರೆ ಕಾಲವೇ ಬೇರೆ ಬಗೆಯಲ್ಲಿ ಚಲಿಸುತ್ತದೆ. ರಾಜ್ಯದಲ್ಲಿ ಮಾವಿಗೆ ಹೆಸರಾದ ತಾಲ್ಲೂಕುಗಳಲ್ಲಿ ಇದು ಅಗ್ರಗಣ್ಯ. ತೋತಾಪುರಿ, ಬಾದಾಮಿ, ರಸಪುರಿ, ನೀಲಂ ಎಂದು ಮೇ ತಿಂಗಳಿನಿಂದ ಎರಡು ಮೂರು ತಿಂಗಳು ಊರಿಗೆ ಊರೇ ಮಂಡಿಯಾಗಿಬಿಡುತ್ತದೆ. ಉಳಿದ ಕಾಲದಲ್ಲಿ ಆ ಮೂರು ತಿಂಗಳನ್ನು ನೆನೆಯುವುದು ಅಥವಾ ಕಾಯುವುದು. ಎಷ್ಟೋ ತೋಟಗಳು ಹೂ ಬಿಡುವ ಹೊತ್ತಿಗೇ ವ್ಯಾಪಾರಿಗೆ ಗುತ್ತಿಗೆಯಾಗಿರುತ್ತವೆ. ವರ್ಷಕ್ಕೊಮ್ಮೆ ಹಣ ಕಾಣುವ ಊರಿನಲ್ಲಿ ಅಂಗಡಿ, ಶಾಲೆಯ ಶುಲ್ಕ, ಮದುವೆ ಎಲ್ಲವೂ ಮಾತಿನ ಮೇಲೆ ನಡೆಯಬೇಕು. ‘ಕಾಯಿ ಇಳಿದ ಮೇಲೆ ಬರ್ತೀನಿ ಸಾರ್’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದವರಲ್ಲಿ ಹೆಚ್ಚಿನವರು ಬಂದರು. ನೋಟಿಸು ಕಳಿಸಿದವನ ಮೇಲೆ ಮಾತ್ರ ಅವರಿಗೆ ಜನ್ಮದ ಕೋಪ. ಮಾತನ್ನು ನಂಬಲಿಲ್ಲವೆಂಬ ಅವಮಾನವೇ ಬಾಕಿಗಿಂತ ದೊಡ್ಡದು.

ಮಾತೇ ಬಂಡವಾಳವಾದ ಊರಿನಲ್ಲಿ ನಿಷ್ಠೆಯೂ ಗಟ್ಟಿ, ಬಣವೂ ಗಟ್ಟಿ. ಶ್ರೀನಿವಾಸಪುರ ವಿಧಾನಸಭಾ ಕ್ಷೇತ್ರದಲ್ಲಿ 1978ರಿಂದ 2023ರವರೆಗಿನ ಸಾರ್ವತ್ರಿಕ ಚುನಾವಣೆಗಳಲ್ಲಿ ಗೆದ್ದವರು ಇಬ್ಬರೇ: ಕೆ.ಆರ್. ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ. ಇಬ್ಬರೂ ಪಕ್ಷ ಬದಲಿಸಿದ್ದಾರೆ, ಮತದಾರ ಬಣ ಬದಲಿಸಿದ್ದು ಕಡಿಮೆ. 2013ರವರೆಗೆ ಒಮ್ಮೆ ಇವರು, ಒಮ್ಮೆ ಅವರು ಎಂಬ ಸರದಿ ತಪ್ಪಲಿಲ್ಲ. 2018ರಲ್ಲಿ ರಮೇಶ್ ಕುಮಾರ್ ಸತತ ಎರಡನೆಯ ಬಾರಿ ಗೆದ್ದಾಗ ಅದು ಮುರಿಯಿತು, 2023ರಲ್ಲಿ ವೆಂಕಟಶಿವಾರೆಡ್ಡಿ ಮತ್ತೆ ಬಂದರು. ಚಹಾ ಅಂಗಡಿಯೂ ಯಾವ ಕಡೆಯದು ಎಂದು ಗೊತ್ತಿರಬೇಕಾದ ಊರಿನಲ್ಲಿ ತಟಸ್ಥನಾಗಿ ಉಳಿಯುವುದು ಬ್ಯಾಂಕಿನವನಿಗೂ ಕಷ್ಟವೇ.

ಇವರಲ್ಲಿ ಬಹಳಷ್ಟು ಜನ ಮನೆಯಲ್ಲಿ ಆಡುವುದು ತೆಲುಗು. ಮದನಪಲ್ಲಿ, ಪುಂಗನೂರುಗಳು ಕೂಗಳತೆಯಲ್ಲಿವೆ. ಹೆಣ್ಣು ಕೊಡುವುದು ತರುವುದು, ಕಾಯಿ ಕಳಿಸುವುದು ಎಲ್ಲ ಆ ಕಡೆಗೂ ಇದೆ. ‘ಅರ್ಧ ತೆಲುಗರು’ ಎಂಬ ಬಿರುದು ಹುಟ್ಟಿದ್ದು ಇಲ್ಲಿಂದ. ಆದರೆ 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬಾರದಂತೆ ತಡೆದಾಗ ಗಡಿಯಲ್ಲಿ ನಿಂತದ್ದು ಇವರದೇ ಲಾರಿಗಳು. ಗಡಿಯಾಚೆಗೆ ಅವರು ಕರ್ನಾಟಕದವರು, ಬೆಂಗಳೂರಿನಲ್ಲಿ ತೆಲುಗರು. ಎರಡು ಕಡೆಯೂ ಹೊರಗಿನವನೆನಿಸಿಕೊಳ್ಳುವವನು ತನ್ನ ಬಣವನ್ನು ಭದ್ರವಾಗಿ ಹಿಡಿದುಕೊಂಡರೆ ಅದರಲ್ಲಿ ಆಶ್ಚರ್ಯವೇನಿದೆ? ಮನೆಮಾತಿನಿಂದ ಕನ್ನಡತನವನ್ನು ಅಳೆಯುವವರಿಗೆ ಒಂದು ಮಾತು: ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳಾಗಿತ್ತು.

ಮುಳಬಾಗಿಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಹೆಸರೇ ಹೇಳುತ್ತದೆ. ಮೂಡಣ ಬಾಗಿಲು. ಚಿತ್ತೂರು, ತಿರುಪತಿಯ ಕಡೆಗೆ ಹೋಗುವ ಹೆದ್ದಾರಿ, ದಾರಿಯಲ್ಲಿ ಆಂಜನೇಯನ ಗುಡಿ, ಹೈದರ್ ವಲಿ ದರ್ಗಾ, ಶ್ರೀಪಾದರಾಜರ ಮಠ, ತುಸು ಒಳಗೆ ಕುರುಡುಮಲೆಯ ಗಣಪತಿ. ಬರುವವರೆಲ್ಲ ಹೊರಗಿನವರು, ನಿಲ್ಲುವುದು ಒಂದು ಗಂಟೆ. ದೋಸೆ ತಿಂದು, ಕೈಮುಗಿದು, ಮುಂದೆ ಹೋಗುವ ಅಪರಿಚಿತನ ಮೇಲೆ ಬದುಕುವ ಊರಿಗೆ ಮೃದುಮಾತು ಒಂದು ಕಸುಬು. ರೈಲಿಲ್ಲದ ಊರು ರಸ್ತೆಯನ್ನೇ ನೆಚ್ಚಿಕೊಂಡಿತು. ಅಲ್ಲಿಯ ಗ್ರಾಹಕ ‘ಇಲ್ಲ’ ಎಂದು ನೇರವಾಗಿ ಹೇಳಿದ್ದನ್ನು ನಾನು ಕೇಳಲಿಲ್ಲ. ‘ನೋಡೋಣ ಸ್ವಾಮಿ’ ಎಂದರೆ ಅದೇ ‘ಇಲ್ಲ’ ಎಂದು ತಿಳಿಯಲು ಹೊಸಬರಿಗೆ ಆರು ತಿಂಗಳು ಬೇಕು. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ ಎಂಬುದನ್ನು ಇಲ್ಲಿಯವರು ಬಂದವರಿಗೆಲ್ಲ ಹೇಳುತ್ತಾರೆ, ಹೇಳಲಿ.

ಮಾಲೂರಿನ ಅವಸರಕ್ಕೆ ಕಾರಣ ರೈಲು. ಬೆಂಗಳೂರು–ಬಂಗಾರಪೇಟೆ ಮಾರ್ಗದ ಈ ಊರಿನಿಂದ ಬೆಳಗಾಗುವ ಮೊದಲೇ ಹಾಲು, ಹೂವು, ತರಕಾರಿ, ಅವುಗಳ ಹಿಂದೆ ಮನುಷ್ಯರು ಮಹಾನಗರಕ್ಕೆ ಹೊರಡುತ್ತಾರೆ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನವರೂ ಇದೇ ಗಾಡಿಗಳಲ್ಲಿ ತುಂಬಿಕೊಂಡರು. (ಗಣಿಯ ಊರಿನ ಸ್ವಭಾವ ಬೇರೆಯೇ ಲೇಖನಕ್ಕೆ ವಸ್ತು, ಆ ಕಾರಣಕ್ಕೇ ಇಲ್ಲಿ ಅದನ್ನು ಮುಟ್ಟಿಲ್ಲ.) ಹೆಂಚು, ಇಟ್ಟಿಗೆಯ ಭಟ್ಟಿಗಳು ಊರಿನ ಹಳೆಯ ಕಸುಬು, ನೀಲಗಿರಿ ತೋಪು ನಂತರ ಬಂದದ್ದು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳು ನೀಲಗಿರಿಯಾಗುತ್ತಿದ್ದುದನ್ನು 1981ರಲ್ಲೇ ವಂದನಾ ಶಿವ ಮತ್ತು ಸಂಗಡಿಗರು ಕೋಲಾರವನ್ನು ಕುರಿತ ತಮ್ಮ ಅಧ್ಯಯನದಲ್ಲಿ ಎತ್ತಿ ತೋರಿಸಿದ್ದರು. ರಾಗಿಗೆ ಕಳೆ ಕೀಳುವವರು, ಕೊಯ್ಯುವವರು, ಕಣ ಮಾಡುವವರು ಬೇಕು. ನೀಲಗಿರಿಗೆ ಯಾರೂ ಬೇಡ. ನೆಟ್ಟವನು ಬೆಂಗಳೂರಿಗೆ ಹೋಗಬಹುದು, ಕೂಲಿ ಕಳೆದುಕೊಂಡವನು ಹೋಗಲೇಬೇಕು. ಇಬ್ಬರೂ ಒಂದೇ ರೈಲಿನಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಾರೆ. ನೆರೆಯವನ ಮನೆಯ ಸಾವಿನ ಸುದ್ದಿ ರಾತ್ರಿ ಒಂಬತ್ತಕ್ಕೆ ತಿಳಿಯುವ ಬದುಕು ಮಹಾನಗರದ್ದು ಎಂದುಕೊಂಡಿದ್ದೆ. ಅದು ಮಾಲೂರಿನ ಬಡಾವಣೆಗಳಿಗೂ ಬಂದಿದೆ. ಲೆವಿನ್ ಅವರು ಸಾಂದ್ರತೆಯನ್ನು ಊರಿನ ಎಲ್ಲೆಯೊಳಗೆ ಎಣಿಸಿದರು. ಇಲ್ಲಿ ಅದನ್ನು ರೈಲಿನ ಡಬ್ಬಿಯೊಳಗೆ ಎಣಿಸಬೇಕು.

ಇಷ್ಟೆಲ್ಲ ಬರೆದ ಮೇಲೂ ‘ಊರಿನ ಸ್ವಭಾವ’ ಎಂಬ ಮಾತಿನ ಬಗ್ಗೆ ನನಗೆ ಒಂದು ಅಂಜಿಕೆ ಉಳಿದಿದೆ. ಊರು ಸೌಮ್ಯವೋ ಕಠೋರವೋ ಎಂಬುದು ಬಾಗಿಲು ತಟ್ಟುವವನು ಯಾರು ಎಂಬುದರ ಮೇಲೂ ನಿಂತಿದೆ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲನ್ನು ಮುಟ್ಟಿದನೆಂದು ದಲಿತ ಬಾಲಕನೊಬ್ಬನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಲಾಯಿತು. ಅದೇ ಸೀಮೆಯಲ್ಲಿ ನನ್ನಂಥ ಬ್ಯಾಂಕಿನವನಿಗೆ ಪ್ರತಿ ಮನೆಯಲ್ಲೂ ಕಾಫಿ ಸಿಕ್ಕಿತು. ಎರಡೂ ಒಂದೇ ನೆಲದ ಸತ್ಯ. ಪೆನ್ನು ಬೀಳಿಸಿ ಪರೀಕ್ಷಿಸುವವರು ಬೀಳಿಸಿದವನ ಜಾತಿಯನ್ನೂ ಬದಲಿಸಿ ನೋಡಬೇಕಾದ ದೇಶ ನಮ್ಮದು.

ಇನ್ನೊಂದು ಅಪಾಯ, ಸ್ವಭಾವದ ಮಾತು ಅನ್ಯಾಯಕ್ಕೆ ಹೊದಿಕೆಯಾಗುವುದು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದು, ಸಾಮಾನು ಧ್ವಂಸ ಮಾಡಿದಾಗ ಬೆಂಗಳೂರಿನ ವಿದ್ಯಾವಂತರ ಬಾಯಲ್ಲಿ ಮೊದಲು ಬಂದ ಮಾತು ‘ಕೋಲಾರದವರು ಹೀಗೇನೇ’ ಎಂಬುದು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ವಾರ ಕಳೆಯುವುದರೊಳಗೆ ಆ್ಯಪಲ್ ಕಂಪನಿಯ ಪ್ರಾಥಮಿಕ ತನಿಖೆ ಕೆಲಸದ ಅವಧಿಯ ನಿರ್ವಹಣೆಯಲ್ಲಿ ಲೋಪವಾಗಿದೆ, ಕೆಲವರಿಗೆ ಅಕ್ಟೋಬರ್, ನವೆಂಬರ್ ತಿಂಗಳ ವೇತನ ತಡವಾಗಿದೆ ಎಂದು ಹೇಳಿತು. ವಿಸ್ಟ್ರಾನ್ ಕ್ಷಮೆ ಕೋರಿ ಭಾರತದ ಉಸ್ತುವಾರಿಯಲ್ಲಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಅಲ್ಲಿದ್ದವರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು, ಎಷ್ಟೋ ಜನ ಬೇರೆ ಜಿಲ್ಲೆಗಳವರು. ಕಾರ್ಖಾನೆ 2023ರಲ್ಲಿ ಟಾಟಾ ಸಮೂಹಕ್ಕೆ ಸೇರಿತು. ‘ಸ್ಥಳೀಯ ಹುಡುಗರು ತರಲೆ’ ಎಂಬ ಅಭಿಪ್ರಾಯ ಮಾತ್ರ ಮಾಲೀಕರು ಬದಲಾದರೂ ಬದಲಾಗದೆ ಉಳಿಯುತ್ತದೆ. ಐಟಿಐ ಮುಗಿಸಿದ ಮಗನಿಗೆ ಕೆಲಸ ಸಿಗಲಿಲ್ಲವೆಂದು ದೂರುವ ತಂದೆಯರನ್ನು ನಾನು ವೇಮಗಲ್, ನರಸಾಪುರದ ಸುತ್ತ ಕಂಡಿದ್ದೇನೆ. ಭೂಮಿ ಕೊಟ್ಟ ಊರಿನವನಿಗೇ ಊರಿನ ಹೆಸರು ಅಡ್ಡ ಬರುವುದಾದರೆ ಅದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರವಿಲ್ಲ.

ಸ್ವಭಾವ ನೀರಿನ ಜತೆ ಬದಲಾಗುತ್ತದೆಯೇ ಎಂಬುದನ್ನು ನೋಡಲು ಈಗೊಂದು ಅವಕಾಶವೂ ಬಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯನೀರು ಎರಡು ಹಂತದ ಶುದ್ಧೀಕರಣದ ನಂತರ 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಒಂದೊಂದಾಗಿ ಇತರ ಕೆರೆಗಳಿಗೆ ಹರಿಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ನ್ಯಾಯಾಲಯದವರೆಗೂ ಹೋಯಿತು, ಅದರಲ್ಲಿ ನ್ಯಾಯವಿದೆ. ದಶಕಗಳಿಂದ ಬರಿದಾಗಿದ್ದ ಕೆರೆಗಳಲ್ಲಿ ನೀರು ನಿಂತದ್ದನ್ನು ನೋಡಲು ಆಗ ಜನ ಏರಿಯ ಮೇಲೆ ಸೇರುತ್ತಿದ್ದರು. ಆದರೆ ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ; ತೂಬು ಎತ್ತಿ ಗದ್ದೆಗೆ ಬಿಡುವಂತಿಲ್ಲ. ಕೆರೆಯಲ್ಲಿ ನಿಂತದ್ದು ನೆಲದೊಳಗೆ ಇಳಿದು ಸುತ್ತಲಿನ ಕೊಳವೆಬಾವಿಗಳಲ್ಲಿ ಮೇಲೇಳುತ್ತದೆ, ಯಾರ ಮೋಟಾರು ದೊಡ್ಡದೋ ಅವರಿಗೆ ಹೆಚ್ಚು ಸಿಗುತ್ತದೆ. ಕೆರೆ ತುಂಬಿದೆ, ನೀರಗಂಟಿಗೆ ಕೆಲಸವಿಲ್ಲ. ರಾತ್ರಿ ಕಾಲುವೆಗೆ ಪಂಪು ಇಟ್ಟು ನೀರೆತ್ತುವವರನ್ನು ಹಿಡಿಯಲು ಅಧಿಕಾರಿಗಳು ಗಸ್ತು ತಿರುಗಬೇಕಾಗಿದೆ.